ವಾರದ ಮನೆಗಳು

ಚಾಮರಾಜಪೇಟೆ, ಬೆಂಗಳೂರು
೧೯ ಆಗಸ್ಟ್ ೧೯೫೧

ಪೂಜ್ಯ ಮೇಷ್ಟ್ರಿಗೆ ಏಕಾಂತಯ್ಯನ ಶರಣಾರ್ಥಿ.

ನಿಮ್ಮ ಮಗನ ವಿಚಾರವಾಗಿ ಒಳ್ಳೆಯ ಸುದ್ದಿಯಿದೆ. ಒಂದೇ ಸಾಲಿನಲ್ಲಿ ಮುಗಿಸಲು ಮನಸ್ಸಿಲ್ಲ, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಈ ವರ್ಷ ನಮ್ಮ ಕಾಲೇಜಿನಲ್ಲಿ ಮಾತಿನ ತರಗತಿ ಎಂದು ಹೊಸದೊಂದು ಶುರುವಾಗಿದೆ. ಪ್ರಿನ್ಸಿಪಾಲರು ಅದನ್ನು ನನ್ನ ಕೊರಳಿಗೆ ಕಟ್ಟಿದರು. ಕಾಲ ಬದಲಾಗಿದೆ, ಎಲೆಕ್ಷನ್ ಬರುತ್ತಿದೆ, ಸರ್ಕಾರಿ ಕೆಲಸಕ್ಕೂ ಇನ್ನು ನಾಲ್ಕು ಜನರ ಎದುರು ಕೂತು ಮಾತಾಡಿ ಗೆಲ್ಲಬೇಕು, ನಮ್ಮ ಹುಡುಗರು ಪುಟಗಟ್ಟಲೆ ಬರೆಯುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ ಎಂಬುದು ಅವರ ಚಿಂತೆ. ನಿಜವೇ. ಮೊದಲ ದಿನ ಒಬ್ಬೊಬ್ಬರನ್ನೇ ಎಬ್ಬಿಸಿದರೆ ಒಬ್ಬ ಸತ್ಯದ ಮಹಿಮೆ, ಇನ್ನೊಬ್ಬ ಶಿಸ್ತಿನ ಮಹಿಮೆ ಎಂದು ಬಾಯಿಪಾಠ ಒಪ್ಪಿಸಿದರು. ನನಗೆ ಆಕಳಿಕೆ ಬಂತು. ನಾಳೆಯಿಂದ ಯಾವ ಮಹಿಮೆಯೂ ಬೇಡ, ಕಣ್ಣಾರೆ ಕಂಡದ್ದನ್ನು ಹೇಳಿ ಎಂದೆ.

ನಿಮ್ಮ ಚಂದ್ರಶೇಖರಯ್ಯ ಅಲ್ಲಿಯವರೆಗೆ ಹಿಂದಿನ ಬೆಂಚಿನಲ್ಲಿ ಕೈಕಟ್ಟಿಕೊಂಡು ಕೂತಿರುತ್ತಿದ್ದವನು. ಮರುದಿನ ಎದ್ದುನಿಂತು ತನ್ನ ವಾರದ ಮನೆಗಳ ಬಗ್ಗೆ ಮಾತಾಡಿದ. ಅವನು ಮಲಗುವುದು ಅಕ್ಕಿಪೇಟೆಯ ಮಠದ ಕೋಣೆಯಲ್ಲಿ, ಊಟಕ್ಕೆ ದಿನಕ್ಕೊಂದು ಮನೆ ಎಂಬುದು ನಿಮಗೆ ಗೊತ್ತೇ ಇದೆ. ಆ ಮನೆಗಳನ್ನು ಅಲೆದಾಡಿ ಗೊತ್ತುಮಾಡಿದವನೂ ನಾನೇ. ಬುಧವಾರ ನಮ್ಮ ಮನೆ. ಒಂದು ಮನೆಯಲ್ಲಿ ಗಡಿಯಾರ ನೋಡಿಕೊಂಡು ಬಡಿಸುತ್ತಾರಂತೆ. ಇನ್ನೊಂದರಲ್ಲಿ ಯಜಮಾನರು ಪ್ರತಿ ತುತ್ತಿಗೂ ಒಂದು ಬುದ್ಧಿವಾದ ನೆಂಚಿಕೊಳ್ಳಲು ಕೊಡುತ್ತಾರಂತೆ. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ಕಣ್ಣೊರೆಸಿಕೊಂಡೆ.

ನವೆಂಬರಿನಲ್ಲಿ ಎಲ್ಲ ಕಾಲೇಜುಗಳೂ ಸೇರುವ ಭಾಷಣ ಸ್ಪರ್ಧೆಯಿದೆ. ಇದನ್ನೇ ಅಲ್ಲಿಗೆ ಒಯ್ಯುವುದೆಂದು ತೀರ್ಮಾನಿಸಿದ್ದೇನೆ. ಯಾರಿಗೂ ನೋವಾಗಬಾರದೆಂದು ದಿನಗಳನ್ನು ಅದಲುಬದಲು ಮಾಡಿಸಿದ್ದೇನೆ; ಸೋಮವಾರದ್ದು ಶುಕ್ರವಾರಕ್ಕೆ, ಶುಕ್ರವಾರದ್ದು ಇನ್ನೆಲ್ಲಿಗೋ. ಹೆಸರಂತೂ ಇಲ್ಲ. ಯಾವ ಮನೆ ಯಾವುದೆಂದು ಶಿವನಿಗೂ ತಿಳಿಯದು.

ನಮ್ಮ ಮನೆಯಾಕೆ ಮಂಗಳಾ ನಿಮಗೆ ನಮಸ್ಕಾರ ತಿಳಿಸಿದ್ದಾಳೆ.

ನಿಮ್ಮ ಶಿಷ್ಯ
ಏಕಾಂತಯ್ಯ

•

ಹೊಸಕೆರೆಪಾಳ್ಯ, ಕುಣಿಗಲ್ ತಾಲ್ಲೂಕು
೨ ಸೆಪ್ಟೆಂಬರ್ ೧೯೫೧

ಶ್ರೀಮಾನ್ ಏಕಾಂತಯ್ಯನವರಿಗೆ ರೇವಣಸಿದ್ದಯ್ಯ ಮಾಡುವ ಆಶೀರ್ವಾದಗಳು.

ನಿಮ್ಮ ಕಾಗದ ಓದಿ ನಮ್ಮ ಮನೆಯಾಕೆಗೂ ಓದಿ ಹೇಳಿದೆ. ಚಂದ್ರ ಸಭೆಯಲ್ಲಿ ಮಾತಾಡುತ್ತಾನೆಂದರೆ ಆಕೆ ನಂಬಲಿಲ್ಲ. ಇಲ್ಲಿದ್ದಾಗ ಉಪ್ಪು ಬೇಕೆಂದು ಕೇಳಲೂ ನಾಚಿಕೊಳ್ಳುತ್ತಿದ್ದ ಹುಡುಗ. ಇಷ್ಟು ವರ್ಷ ನಾನು ಮಕ್ಕಳಿಗೆ ಕೈಕಟ್ಟು, ಬಾಯಿಮುಚ್ಚು ಎಂದೇ ಕಲಿಸಿದೆ. ನೀವೂ ಈ ಶಾಲೆಯಲ್ಲಿ ಹಾಗೆ ಕಲಿತವರೇ. ಈಗ ನೀವು ಬಾಯಿ ತೆಗೆಸುವ ಕೆಲಸ ಹಿಡಿದಿದ್ದೀರಿ. ಒಳ್ಳೆಯದಾಗಲಿ.

ಒಂದೇ ಒಂದು ಸಂಕೋಚ. ಅನ್ನ ಹಾಕುವವರ ಮನೆಯ ಮಾತನ್ನು ಹತ್ತು ಜನರೆದುರು ಎತ್ತುವುದು ಸರಿಯೇ? ಹಾಸ್ಯವೇ ಇರಬಹುದು, ಆದರೂ ಅವರು ನಗುತ್ತಾರೋ ಇಲ್ಲವೋ ನಮಗೇನು ಗೊತ್ತು? ಸಭೆಗೆ ಮುಂಚೆ ನೀವೇ ಒಂದು ಸುತ್ತು ಹೋಗಿ, ಹುಡುಗ ಹೀಗೆ ಮಾತಾಡಲಿದ್ದಾನೆ, ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿಬಿಟ್ಟರೆ ಚೆನ್ನ. ನನ್ನದು ಹಳ್ಳಿಯ ಬುದ್ಧಿ. ತಿಳಿದವರು ನೀವು, ಸರಿಕಂಡಂತೆ ಮಾಡಿ.

ಚಂದ್ರನ ಕಾಗದದಲ್ಲಿ ನಿಮ್ಮ ಮನೆಯ ಊಟದ ಸುದ್ದಿಯೇ ಹೆಚ್ಚು. ಮಂಗಳಮ್ಮನಿಗೆ ನಮ್ಮಿಬ್ಬರ ಆಶೀರ್ವಾದ.

ರೇವಣಸಿದ್ದಯ್ಯ

•

ಚಾಮರಾಜಪೇಟೆ
೧೪ ಅಕ್ಟೋಬರ್ ೧೯೫೧

ಪೂಜ್ಯ ಮೇಷ್ಟ್ರಿಗೆ ಶರಣಾರ್ಥಿ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ನಿಮ್ಮ ಸಂಕೋಚ ಓದಿ ನಗು ಬಂತು. ಒಪ್ಪಿಗೆ ಕೇಳಿಕೊಂಡು ಹೊರಟರೆ ಗಡಿಯಾರದ ಮನೆಯವರು ಗಡಿಯಾರ ತೆಗೆಸುತ್ತಾರೆ, ಬುದ್ಧಿವಾದದವರು ಇನ್ನೊಂದು ಗಂಟೆ ಬುದ್ಧಿ ಹೇಳುತ್ತಾರೆ, ಕೊನೆಗೆ ನಮಗೆ ಮತ್ತೆ ಸತ್ಯದ ಮಹಿಮೆಯೇ ಗತಿ. ಬಿಡುವಾದಾಗ ನೋಡುತ್ತೇನೆ.

ಭಾಷಣ ಈಗ ಎಷ್ಟು ಹದವಾಗಿದೆ ಗೊತ್ತೇ? ತರಗತಿಯಲ್ಲಿ ಎಳೆದೆಳೆದು ಹೇಳಿದ್ದನ್ನು ಐದು ನಿಮಿಷಕ್ಕೆ ಇಳಿಸಿದ್ದೇನೆ. ದಿನಾ ಸಂಜೆ ಖಾಲಿ ತರಗತಿಯಲ್ಲಿ ಅವನನ್ನು ನಿಲ್ಲಿಸಿ ಹೇಳಿಸುತ್ತೇನೆ. ಒಂದು ತುಣುಕು ನಿಮಗಾಗಿ:

‘ಶುಕ್ರವಾರದ ಮನೆಯಲ್ಲಿ ಮನೆಯವರ ತಟ್ಟೆ ಇಡುವುದು ಮೂರು ಕಾಲಿನ ಅಡ್ಡಣಿಗೆಯ ಮೇಲೆ. ನನ್ನ ತಟ್ಟೆ ಮಾತ್ರ ನೆಲದ ಮೇಲೆ. ನನಗೆ ಸಿಗದ ಅಡ್ಡಣಿಗೆ ಎದುರಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಊಟ ಮುಗಿಯುವವರೆಗೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರುತ್ತೇವೆ.’

ಇಲ್ಲಿ ನಿಲ್ಲಿಸು, ನಗು ಅಡಗುವವರೆಗೆ ಬಾಯಿ ತೆಗೆಯಬೇಡ ಎಂದು ಹೇಳಿಕೊಟ್ಟಿದ್ದೇನೆ. ದಿನ ಬದಲಿಸಿ ಕೂಡಿಸಿದವನು ಅವನೇ, ಅದು ಯಾವ ಮನೆಯೋ ನಾನು ಕೇಳಲಿಲ್ಲ. ಪೇಟೆಯ ಯಾರೋ ಭಾರಿ ಯಜಮಾನರಿರಬೇಕು. ವಾರಕ್ಕೊಂದು ದಿನದ ಬಾಡಿಗೆ ಅಕ್ಕರೆಯಲ್ಲಿ ಅನ್ನ ಹಾಕಿ ದೊಡ್ಡ ಧರ್ಮ ಮಾಡಿದೆವೆಂದು ತಿರುಗುವವರಿಗೆ ಇಷ್ಟಾದರೂ ತಟ್ಟಲಿ.

ನಿಮ್ಮ
ಏಕಾಂತಯ್ಯ

•

ಚಾಮರಾಜಪೇಟೆ
೨೬ ನವೆಂಬರ್ ೧೯೫೧

ಪೂಜ್ಯ ಮೇಷ್ಟ್ರಿಗೆ ಶರಣಾರ್ಥಿ.

ಶನಿವಾರ ಸ್ಪರ್ಧೆ ನಡೆಯಿತು. ಚಂದ್ರನಿಗೆ ಮೊದಲನೆಯ ಬಹುಮಾನ. ಬೆಳ್ಳಿಯ ಕಪ್ ಕಾಲೇಜಿನಲ್ಲಿದೆ. ಸಭೆ ತುಂಬಿತ್ತು, ಪೇಟೆಯ ಜನವೂ ಬಂದಿದ್ದರು. ಮಂಗಳಾಳನ್ನೂ ಕರೆದುಕೊಂಡು ಹೋಗಿದ್ದೆ.

ಹುಡುಗ ಆರೋಗ್ಯವಾಗಿದ್ದಾನೆ. ಪರೀಕ್ಷೆಯ ಕಡೆ ಇನ್ನು ಗಮನ ಕೊಡಬೇಕು. ಹೆಚ್ಚಿಗೆ ಬರೆಯಲು ಈಗ ಬಿಡುವಿಲ್ಲ.

ಏಕಾಂತಯ್ಯ

•

ಹೊಸಕೆರೆಪಾಳ್ಯ
೨೨ ಡಿಸೆಂಬರ್ ೧೯೫೧

ಶ್ರೀಮಾನ್ ಏಕಾಂತಯ್ಯನವರಿಗೆ ಆಶೀರ್ವಾದಗಳು.

ಕಪ್ಪಿನ ಸುದ್ದಿಯನ್ನು ಶಾಲೆಯಲ್ಲಿ ಮಕ್ಕಳಿಗೆ ಹೇಳಿದೆ. ಊರಿನವರು ಬಂದು ಬಂದು ಕೇಳಿಕೊಂಡು ಹೋದರು. ನಾನು ಅನುಮಾನಪಟ್ಟಿದ್ದು ತಪ್ಪಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನೀವು ಹೋಗಿ ಒಪ್ಪಿಗೆ ಕೇಳಿರುತ್ತೀರಿ, ಅವರೂ ದೊಡ್ಡ ಮನಸ್ಸು ಮಾಡಿದ್ದಾರೆ.

ಈ ಸಲ ಅವರೆಕಾಯಿ ಚೆನ್ನಾಗಿ ಬಂದಿದೆ, ಸೊಗಡು ತುಂಬಿದೆ. ಒಂದು ಮೂಟೆ ಕಟ್ಟಿ ಬಸ್ಸಿನ ಕಂಡಕ್ಟರ್ ಶೀನಣ್ಣನ ಕೈಲಿ ಕಳಿಸಿದ್ದೇನೆ. ಕಲಾಸಿಪಾಳ್ಯದಲ್ಲಿ ಇಳಿಸಿಕೊಂಡು, ದಯವಿಟ್ಟು ಎಲ್ಲ ಮನೆಗಳಿಗೂ ಹಂಚಿ. ನಾವು ಕೊಡಬಹುದಾದದ್ದು ಇಷ್ಟೇ.

ಚಂದ್ರನ ಕಾಗದಗಳು ಈಚೆಗೆ ಎರಡು ಸಾಲಿಗೆ ಇಳಿದಿವೆ. ಊಟಕ್ಕೆ ತೊಂದರೆಯಿಲ್ಲ ಎಂದು ಮಾತ್ರ ಬರೆಯುತ್ತಾನೆ. ಕಪ್ ಬಂದ ಮೇಲೆ ತಲೆ ತಿರುಗಿರಬೇಕು. ಒಂದಿಷ್ಟು ಕಿವಿ ಹಿಂಡಿ.

ರೇವಣಸಿದ್ದಯ್ಯ

•

ಚಾಮರಾಜಪೇಟೆ
೮ ಜನವರಿ ೧೯೫೨

ಪೂಜ್ಯ ಮೇಷ್ಟ್ರಿಗೆ ಶರಣಾರ್ಥಿ.

ಮೂಟೆ ತಲುಪಿತು. ಎಲ್ಲರೂ ಸಂತೋಷಪಟ್ಟರು.

ಇಲ್ಲಿ ಎಲೆಕ್ಷನ್ ಗಲಾಟೆ. ಬೆಳಗಾದರೆ ಮೈಕು ಕಟ್ಟಿದ ಮೋಟಾರುಗಳು ಬೀದಿ ಬೀದಿ ಕೂಗುತ್ತವೆ, ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಚಂದ್ರನಿಗೆ ತಲೆ ತಿರುಗಿಲ್ಲ. ಅವನನ್ನು ಬೈಯಬೇಡಿ.

ಏಕಾಂತಯ್ಯ

•

ಹೊಸಕೆರೆಪಾಳ್ಯ
೨೬ ಫೆಬ್ರವರಿ ೧೯೫೨

ಏಕಾಂತಯ್ಯನಿಗೆ,

ಶಿವರಾತ್ರಿಗೆಂದು ಚಂದ್ರ ಊರಿಗೆ ಬಂದ. ಕೆನ್ನೆ ಒಳಕ್ಕೆ ಹೋಗಿದೆ, ಅಂಗಿ ಮೈಮೇಲೆ ನಿಲ್ಲುವುದಿಲ್ಲ. ಉಪವಾಸದ ದಿನ ಮುಗಿದು ಅವನ ತಾಯಿ ಬಡಿಸಿದಾಗ ಅವನು ಉಂಡ ರೀತಿ ನೋಡಿ ಆಕೆ ಎದ್ದು ಹಿತ್ತಲಿಗೆ ಹೋದಳು. ಕೇಳಿದರೆ ಓದು ಜಾಸ್ತಿ ಅನ್ನುತ್ತಾನೆ. ಇನ್ನು ಬೆಂಗಳೂರಿಗೆ ಹೋಗುವುದಿಲ್ಲ, ಪರೀಕ್ಷೆ ಬೇಡ, ಇಲ್ಲೇ ಯಾವುದಾದರೂ ಶಾಲೆಯಲ್ಲಿ ಕೆಲಸಕ್ಕೆ ಸೇರುತ್ತೇನೆ ಅನ್ನುತ್ತಾನೆ. ಬಿ.ಎ. ಕೊನೆಯ ವರ್ಷ, ಪರೀಕ್ಷೆಗೆ ಇನ್ನೊಂದು ತಿಂಗಳೂ ಇಲ್ಲ.

ನೀನು ಏನೋ ಮುಚ್ಚಿಡುತ್ತಿದ್ದೀಯ. ಅವನು ಊಟ ಮಾಡುತ್ತಿದ್ದನೇ ಇಲ್ಲವೇ, ಅಷ್ಟು ಬರೆ.

ರೇವಣಸಿದ್ದಯ್ಯ

•

ಚಾಮರಾಜಪೇಟೆ
೨ ಮಾರ್ಚ್ ೧೯೫೨

ಪೂಜ್ಯ ಮೇಷ್ಟ್ರಿಗೆ,

ಮಾಡುತ್ತಿರಲಿಲ್ಲ. ವಾರದ ಮನೆಗಳು ಡಿಸೆಂಬರಿನಲ್ಲೇ ಒಂದೊಂದಾಗಿ ನಿಂತುಹೋದವು. ಎರಡು ಮನೆ ಉಳಿದಿದ್ದವು, ಸೋಮವಾರ ಮಠದಲ್ಲಿ ಪ್ರಸಾದ. ಉಳಿದ ದಿನ ಕಡಲೆಪುರಿ, ಬಾಳೆಹಣ್ಣು, ನೀರು. ಇದು ನನಗೆ ಜನವರಿಯಲ್ಲಿ ಗೊತ್ತಾಯಿತು. ಗೊತ್ತಾಗಿಯೂ ನಿಮಗೆ ಎಲ್ಲರೂ ಸಂತೋಷಪಟ್ಟರು ಎಂದು ಬರೆದೆ. ನಿಮ್ಮ ಅವರೆಕಾಯಿ ಒಂದು ಮನೆಗೂ ಹೋಗಲಿಲ್ಲ. ನಮ್ಮ ಹಜಾರದ ಮೂಲೆಯಲ್ಲೇ ಒಣಗಿತು.

ನಾನು ಒಪ್ಪಿಗೆ ಕೇಳಲು ಯಾರ ಮನೆಗೂ ಹೋಗಿರಲಿಲ್ಲ. ದಿನಗಳನ್ನು ಅದಲುಬದಲು ಮಾಡಿದ್ದೇ ಸಾಕು ಎಂದುಕೊಂಡೆ. ಅದೇ ನನ್ನ ಜಾಣತನ, ಅದೇ ಅವನನ್ನು ಮುಳುಗಿಸಿತು. ದಿನಗಳು ಸರಿಯಾಗಿದ್ದರೆ ಆಯಾ ಮನೆಯವರು ತಮ್ಮ ಪಾಲಿನದನ್ನು ಕೇಳಿ ನೊಂದೋ ನಕ್ಕೋ ಸುಮ್ಮನಾಗುತ್ತಿದ್ದರು. ದಿನ ಕಲಸಿಹೋದ ಮೇಲೆ ಪ್ರತಿಯೊಬ್ಬರಿಗೂ ಇಡೀ ಭಾಷಣ ತಮ್ಮನ್ನೇ ಅಂದಂತೆ ಕಂಡಿತು. ಅಕ್ಕಿಪೇಟೆಯ ಮಲ್ಲಿಕಾರ್ಜುನಯ್ಯನವರು ಅಂಗಡಿಯ ಮುಂದೆ ನನ್ನನ್ನು ತಡೆದು, ‘ಏನ್ ಮೇಷ್ಟ್ರೇ, ನಮ್ಮನೆ ಅನ್ನಕ್ಕೆ ಬೆಳ್ಳಿ ಕಪ್ ಬಂತಂತೆ? ಇನ್ಮೇಲೆ ಅವನು ಆ ಕಪ್ಪಲ್ಲೇ ಊಟ ಮಾಡ್ಲಿ ಬಿಡಿ’ ಎಂದರು. ಅವರ ಮನೆಯ ಬಗ್ಗೆ ಹುಡುಗ ಹೇಳಿದ್ದು ಒಳ್ಳೆಯ ಮಾತನ್ನೇ. ತ್ಯಾಗರಾಜನಗರದ ಗಿರಿಜಾಂಬಾ ಅವರು, ‘ನಮ್ಮನೇಲಿ ಅಡ್ಡಣಿಗೆನೇ ಇಲ್ಲ, ಆದ್ರೂ ಊರೋರೆಲ್ಲ ನಮ್ಮನ್ನೇ ನೋಡಿ ನಗ್ತಾರೆ’ ಎಂದು ಕಣ್ಣಿಗೆ ಸೆರಗು ಹಚ್ಚಿಕೊಂಡರು. ನಾನು ಅಲ್ಲಲ್ಲೇ ನಿಂತು ವಿವರಿಸಬಹುದಾಗಿತ್ತು. ಬಿಸಿ ಆರಲಿ ಎಂದು ಮುಂದೂಡಿದೆ.

ಇನ್ನು ಹೇಳಲು ಕಷ್ಟವಾದದ್ದು. ಸ್ಪರ್ಧೆಯ ದಿನ ಅಡ್ಡಣಿಗೆಯ ಮಾತು ಬಂದಾಗ ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ನಾನು ತಟ್ಟಿದೆ. ಮನೆಗೆ ಜಟಕಾದಲ್ಲಿ ಬಂದೆವು. ಗಾಡಿ ನಮ್ಮ ರಸ್ತೆಗೆ ತಿರುಗಿದ ಮೇಲೆ ಮಂಗಳಾ ಹೇಳಿದಳು: ‘ಆ ಮನೆ ನಮ್ದು ಕಣ್ರೀ.’

ನಾನು ನಂಬಲಿಲ್ಲ. ಅವಳು ಹೇಳಿದಳು: ‘ನಿಮ್ಮಮ್ಮ ಇದ್ದಾಗಿಂದ ಹಾಗೇ. ವಾರದ ಹುಡುಗರಿಗೆ ಅಡ್ಡಣಿಗೆ ಇಡಬಾರ್ದು, ನಂಟರಿಗೂ ಅವರಿಗೂ ಭೇದ ಇರಬೇಕು ಅಂತ ನಂಗೆ ಹೇಳ್ಕೊಟ್ರು. ನಾನು ಯೋಚ್ನೆ ಮಾಡ್ಲಿಲ್ಲ. ನೀವು ಒಂದಿನ ಆದ್ರೂ ಅವನ ಪಕ್ಕ ಊಟಕ್ಕೆ ಕೂತಿದ್ರೆ ನಿಮ್ಗೂ ಕಾಣ್ತಿತ್ತು.’ ಬುಧವಾರ ಬೆಳಿಗ್ಗೆ ನನಗೆ ಟ್ಯೂಷನ್. ಇಷ್ಟು ದಿನದಲ್ಲಿ ಒಂದು ಸಲವೂ ನಾನು ಅವನ ಜೊತೆ ಉಂಡಿಲ್ಲ.

ಮುಂದಿನ ಬುಧವಾರ ಅವನು ಬಂದ. ನಾನು ಟ್ಯೂಷನ್ ಬಿಟ್ಟು ಮನೆಯಲ್ಲಿದ್ದೆ. ಮಂಗಳಾ ಅವನ ತಟ್ಟೆಯನ್ನು ಅಡ್ಡಣಿಗೆಯ ಮೇಲಿಟ್ಟು ಬಡಿಸಿ, ಅವನ ಮುಖ ನೋಡದೆ ಒಳಗೆ ಹೋದಳು. ಅವನಿಗೆ ಎಲ್ಲ ತಿಳಿಯಿತು. ಅವನು ಎರಡು ತುತ್ತು ತಿಂದು, ಕೈತೊಳೆದು, ಬರ್ತೀನಿ ಎಂದು ಹೊರಟ. ನಾನು ಮುಂದಿನ ಕೋಣೆಯಲ್ಲಿ ಪತ್ರಿಕೆಯ ಹಿಂದೆ ಮುಖ ಇಟ್ಟುಕೊಂಡು ಕೂತಿದ್ದೆ. ಊರಿನ ಹುಡುಗರಿಗೆಲ್ಲ ಮಾತು ಕಲಿಸುವ ನನಗೆ, ‘ಕೂತ್ಕೋ ಚಂದ್ರ’ ಎಂಬ ಎರಡು ಶಬ್ದ ಬಾಯಿಗೆ ಬರಲಿಲ್ಲ. ಅವನು ಮತ್ತೆ ಬರಲಿಲ್ಲ. ಮಂಗಳಾ ಅಂದಿನಿಂದ ಬುಧವಾರ ಬೆಳಿಗ್ಗೆ ತಾನೂ ಊಟ ಮಾಡುವುದಿಲ್ಲ.

ತಪ್ಪು ನನ್ನದು ಮೇಷ್ಟ್ರೇ, ಪೂರ್ತಿ ನನ್ನದು. ಅವನನ್ನು ಕಳಿಸಿ. ಪರೀಕ್ಷೆ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇರಲಿ. ಅವನ ಎದುರು ನಿಂತು ತಪ್ಪಾಯಿತು ಎನ್ನುತ್ತೇನೆ.

ಏಕಾಂತಯ್ಯ

•

ಹೊಸಕೆರೆಪಾಳ್ಯ
೯ ಮಾರ್ಚ್ ೧೯೫೨

ಏಕಾಂತನಿಗೆ ಆಶೀರ್ವಾದ.

ಮೊದಲು ಸಿಟ್ಟು ಬಂತು. ಎರಡು ದಿನ ಕಾಗದ ಮುಟ್ಟಲಿಲ್ಲ. ಆಮೇಲೆ ನನ್ನ ಪಾಲೂ ಇದೆಯೆಂದು ಕಂಡಿತು. ಆಗಬಾರದ್ದು ಆಗುತ್ತದೆಂದು ನನಗೆ ಮನಸ್ಸಿನಲ್ಲಿ ಹೊಳೆದಿತ್ತು. ಒಂದು ಸಲ ಹೇಳಿ, ನೀನು ಓದಿದವನೆಂದು ಸುಮ್ಮನಾದೆ. ನನ್ನ ಶಾಲೆಯಲ್ಲಿ ಕಲಿತವನಿಗೆ ಬೇಡವೋ ಎಂದು ಗದರಲು ನನಗೇನು ಅಡ್ಡಿಯಿತ್ತು?

ನಿನ್ನ ಕಾಗದವನ್ನು ಚಂದ್ರನಿಗೆ ಪೂರ್ತಿ ಓದಿ ಹೇಳಿದೆ. ಮಂಗಳಮ್ಮ ಊಟ ಬಿಟ್ಟಿದ್ದಾಳೆ ಎಂಬಲ್ಲಿಗೆ ಬಂದಾಗ, ‘ಅಮ್ಮನೋರು ಹಾಗೆ ತಿಳ್ಕೊಂಡ್ರಾ?’ ಎಂದು ಕೇಳಿದ. ಆಮೇಲೆ ತರಗತಿಯಲ್ಲಿ ತಾನು ಮೊದಲ ದಿನ ಆಡಿದ್ದನ್ನು ನನ್ನೆದುರು ನಿಂತು ಹೇಳಿದ. ಅಡ್ಡಣಿಗೆಯ ಮಾತಿನ ಮುಂದೆ ಇನ್ನೂ ನಾಲ್ಕು ಸಾಲು ಇದ್ದವಂತೆ. ಅವನು ಹೇಳಿದಂತೆಯೇ ಬರೆಯುತ್ತೇನೆ:

‘ಆದರೆ ಆ ಮನೆಯ ತಾಯಿ ಬಡಿಸಿ ಒಳಗೆ ಹೋಗುವುದಿಲ್ಲ. ನನ್ನೆದುರು ತಾವೂ ಬರೀ ನೆಲದ ಮೇಲೆ ಕೂರುತ್ತಾರೆ. ನಾನು ಏಳುವವರೆಗೆ ಏಳುವುದಿಲ್ಲ. ಇವತ್ತು ಏನು ಪಾಠ, ಊರಿಂದ ಕಾಗದ ಬಂತಾ ಎಂದು ಕೇಳುತ್ತಾರೆ. ಬೆಂಗಳೂರಿಗೆ ಬಂದ ಮೇಲೆ ನಾನು ಮೊಟ್ಟಮೊದಲು ಬಾಯಿಬಿಟ್ಟು ಮಾತಾಡಿದ್ದು ಅವರ ಹತ್ತಿರ.’

ಇದನ್ನೂ ಸಭೆಯಲ್ಲಿ ಹೇಳಬೇಕೆಂದಿದ್ದನಂತೆ. ಐದು ನಿಮಿಷದಲ್ಲಿ ಸಮಯ ಸಾಲಲಿಲ್ಲವಂತೆ. ನೀನು ಮೊದಲ ದಿನ ಕೇಳಿದವನು, ನಿನಗೆ ನೆನಪಿರಬಹುದು. ಮಂಗಳಮ್ಮನಿಗೆ ಇದನ್ನು ತಿಳಿಸು, ಆ ಹೆಣ್ಣುಮಗಳು ಸುಮ್ಮನೆ ನೋಯುವುದು ಬೇಡ.

ಚಂದ್ರ ಪರೀಕ್ಷೆ ಬರೆಯುತ್ತಾನೆ. ಒಪ್ಪಿಸಿದ್ದೇನೆ. ನಿಮ್ಮ ಮನೆಯಲ್ಲಿ ಇರುವುದು ಮಾತ್ರ ಬೇಡ. ಅವನು ಬೇಡವೆನ್ನಲಿಲ್ಲ, ನಾನು ಅನ್ನುತ್ತಿದ್ದೇನೆ. ತಪ್ಪಾಯಿತು ಎಂದವರ ಮನೆಯಲ್ಲಿ ಅವನು ಪ್ರತಿ ತುತ್ತನ್ನೂ ಸಂಕೋಚದಿಂದ ನುಂಗಬೇಕಾಗುತ್ತದೆ, ನೀವೂ ಹಾಗೆಯೇ ಬಡಿಸುತ್ತೀರಿ. ಶೀನಣ್ಣ ಕಲಾಸಿಪಾಳ್ಯದಲ್ಲಿ ಒಂದು ಕೋಣೆ ನೋಡಿದ್ದಾನೆ. ನಾನು ರಜ ಹಾಕಿ ಜೊತೆಗೆ ಬಂದು ಅಡುಗೆ ಮಾಡಿ ಹಾಕುತ್ತೇನೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಇಳಿಯುತ್ತೇವೆ.

ರೇವಣಸಿದ್ದಯ್ಯ

•

ಚಾಮರಾಜಪೇಟೆ
೧೩ ಮಾರ್ಚ್ ೧೯೫೨

ಪೂಜ್ಯ ಮೇಷ್ಟ್ರಿಗೆ,

ನೀವು ಹೊರಡುವುದರೊಳಗೆ ಇದು ಕೈಸೇರಲೆಂದು ಇಂದೇ ಹಾಕುತ್ತಿದ್ದೇನೆ.

ಸಮಯ ಸಾಲಲಿಲ್ಲ ಎಂದು ಚಂದ್ರ ಹೇಳಿದ್ದು ನನ್ನ ಮಾನ ಉಳಿಸಲು. ಸಮಯ ಇತ್ತು. ಆ ನಾಲ್ಕು ಸಾಲು ಹೊಡೆದುಹಾಕಿದವನು ನಾನು. ‘ಅದೊಂದಿರ್ಲಿ ಸಾರ್’ ಎಂದು ಅವನು ಕೇಳಿಕೊಂಡ. ಇದಿದ್ದರೆ ನಗು ತಣ್ಣಗಾಗುತ್ತದೆ ಕಣೋ ಎಂದೆ. ಆಮೇಲೆ ಅವನು ಕೇಳಲಿಲ್ಲ.

ನನಗೆ ನೆನಪಿರಬಹುದು ಎಂದು ಬರೆದಿದ್ದೀರಿ. ನೆನಪಿದೆ. ಎದುರು ಕೂತು ಪಾಠ ಕೇಳುವ, ಊರಿನ ಕಾಗದ ವಿಚಾರಿಸುವ ಹೆಂಗಸಿನ ಮಾತನ್ನು ಮೊದಲ ದಿನವೇ ನನ್ನ ಕಿವಿಯಾರೆ ಕೇಳಿದೆ. ಅದು ಯಾರೆಂದು ನನಗೆ ಹೊಳೆಯಲಿಲ್ಲ. ಅವಳು ನನ್ನ ಜೊತೆ ಸಂಸಾರ ಮಾಡಲು ಬಂದು ಹದಿನಾಲ್ಕು ವರ್ಷವಾಯಿತು.

ನಿಮ್ಮ ಕಾಗದವನ್ನು ನಿನ್ನೆ ಮಂಗಳಾಳಿಗೆ ಓದಿ ಹೇಳಿದೆ. ಆ ಸಾಲುಗಳನ್ನು ತೆಗೆದವನು ನಾನೆಂಬುದನ್ನೂ ಹೇಳಿದೆ. ಅವಳು, ‘ಯಾಕ್ ತೆಗೆದ್ರಿ?’ ಎಂದಳು. ನಗು ನಿಂತುಹೋಗುತ್ತದೆ ಎಂದು ತೆಗೆದೆ ಎಂದೆ. ಆ ಮಾತು ಬಾಯಿಂದ ಹೊರಬಿದ್ದಾಗ ಎಷ್ಟು ಹೀನಾಯವಾಗಿ ಕೇಳಿಸಿತೆಂದು ಬರೆಯಲಾರೆ. ‘ಆವತ್ತು ನಾನು ಆ ಮಗು ಮುಖಕ್ಕೆ ಮುಖ ಕೊಡದೆ ತಪ್ಪಿಸ್ಕೊಂಡೆ’ ಎಂದು ಅವಳು ಅತ್ತಳು.

ಕೋಣೆಯ ವಿಚಾರದಲ್ಲಿ ನೀವು ಹೇಳಿದ್ದೇ ಸರಿ, ನಾನು ಒತ್ತಾಯ ಮಾಡುವುದಿಲ್ಲ. ಉಳಿದ ಮನೆಗಳಿಗೆ ದಿನವೂ ಸಂಜೆ ಹೋಗಿ, ಹುಡುಗನದೇನೂ ತಪ್ಪಿಲ್ಲ, ಕೆಡಿಸಿದವನು ನಾನು ಎಂದು ಹೇಳಿ ಬರುತ್ತಿದ್ದೇನೆ. ಮಲ್ಲಿಕಾರ್ಜುನಯ್ಯನವರು ಒಳಗೆ ಕರೆಯಲಿಲ್ಲ, ಬೀದಿಯಲ್ಲೇ ನಿಂತು ಹೇಳಿದೆ.

ಭಾನುವಾರ ಬಸ್ಸಿನ ಹೊತ್ತಿಗೆ ಮಂಗಳಾ ಕಲಾಸಿಪಾಳ್ಯಕ್ಕೆ ಬರುತ್ತಾಳೆ. ಏನನ್ನೂ ಕಟ್ಟಿಕೊಂಡು ಬರುವುದಿಲ್ಲವಂತೆ, ನಿಮ್ಮ ಕೋಣೆಯಲ್ಲಿ ಕೂತು ಅವನ ಹತ್ತಿರ ಒಂದಿಷ್ಟು ಮಾತಾಡಿ ಹೋಗುತ್ತಾಳಂತೆ. ನಾನೂ ಬರಲೇ ಎಂದು ಕೇಳಿದೆ. ಈಗ ಬೇಡ ಎಂದಳು.

ಏಕಾಂತಯ್ಯ